ಹಳೆ ಕಾರಿನ ವೈರಿಂಗ್ ಕಿರಿಕಿರಿ: ಪಾರ್ಟ್ ಬದಲಿಸುವ ಮೊದಲು ಅರ್ಥ್ ನೋಡಿ

ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರ್ ಮಿಣುಕುವುದು ನಿಲ್ಲುತ್ತದೆ. ಹೆಡ್‌ಲೈಟ್ ಹಾಕಿದರೆ ವೈಪರ್ ನಿಧಾನವಾಗುತ್ತದೆ. ಹಾರ್ನ್ ಒಮ್ಮೆ ಕೂಗುತ್ತದೆ, ಇನ್ನೊಮ್ಮೆ ಇಲ್ಲ. ಮಂಗಳೂರು, ಉಡುಪಿ ಕಡೆ ಹಳೆಯ ಮಾರುತಿ 800, ಓಮ್ನಿ, ಝೆನ್ ಇಟ್ಟುಕೊಂಡವರಿಗೆ ಈ ಕಾಟ ಹೊಸದಲ್ಲ. ಹೆಚ್ಚಿನವರು ಮೊದಲು ಬಲ್ಬ್ ಬದಲಿಸುತ್ತಾರೆ. ಆಮೇಲೆ ಸ್ವಿಚ್, ಆಮೇಲೆ ಬ್ಯಾಟರಿ. ದುಡ್ಡು ಹೋಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ.

ನಮ್ಮ ಕರಾವಳಿಯಲ್ಲಿ ಪಾರ್ಟ್ ಕೆಡುವುದಕ್ಕಿಂತ ಜೋಡಣೆ ಕೆಡುವುದು ಜಾಸ್ತಿ. ಮಲ್ಪೆ, ಪಣಂಬೂರು, ಉಳ್ಳಾಲದ ಗಾಳಿಯಲ್ಲೇ ಉಪ್ಪು ಇದೆ. ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಉಪ್ಪು, ತೇವ ಎರಡೂ ಸೇರಿದರೆ ತಾಮ್ರದ ವೈರಿಗೆ ಹಸಿರು ಕಿಲುಬು, ಬೋಲ್ಟಿಗೆ ತುಕ್ಕು. ಕರೆಂಟ್ ಬ್ಯಾಟರಿಯ ಪ್ಲಸ್‌ನಿಂದ ವೈರ್ ಹಿಡಿದು ಬಲ್ಬಿಗೆ ಹೋಗುತ್ತದೆ. ಆದರೆ ವಾಪಸ್ ಬರುವುದು ಬಹುಪಾಲು ಕಾರಿನ ತಗಡಿನ ಮೂಲಕ. ತಗಡಿಗೆ ವೈರನ್ನು ಬಿಗಿದ ಆ ಜಾಗವೇ ಅರ್ಥ್. ಅಲ್ಲಿ ತುಕ್ಕು ಹಿಡಿದರೆ ಬಲ್ಬ್, ಸ್ವಿಚ್, ಫ್ಯೂಸ್ ಎಲ್ಲ ಹೊಸತಾದರೂ ಏನೂ ಪ್ರಯೋಜನವಿಲ್ಲ.

ಹಿಂದಿನ ಲೈಟ್‌ನಲ್ಲಿ ಆಗುವುದೂ ಇದೇ. ಬ್ರೇಕ್, ಪಾರ್ಕಿಂಗ್, ಇಂಡಿಕೇಟರ್ ಬಲ್ಬುಗಳಿಗೆ ಸಾಮಾನ್ಯವಾಗಿ ಒಂದೇ ಅರ್ಥ್ ಇರುತ್ತದೆ. ಅದು ಕೆಟ್ಟಾಗ ಬ್ರೇಕ್ ಬಲ್ಬಿನ ಕರೆಂಟ್ ಪಕ್ಕದ ಬಲ್ಬಿನೊಳಗಿಂದ ನುಸುಳಿ ದಾರಿ ಹುಡುಕುತ್ತದೆ. ಒಂದು ಲೈಟ್ ಹಾಕಿದಾಗ ಇನ್ನೊಂದು ವಿಚಿತ್ರವಾಗಿ ವರ್ತಿಸಿದರೆ ಮೊದಲ ಅನುಮಾನ ಅರ್ಥ್ ಮೇಲೆಯೇ ಇರಲಿ. ಜಡಿಮಳೆಯ ಸಂಜೆ ಹೆದ್ದಾರಿ 66ರಲ್ಲಿ ನಿಮ್ಮ ಬ್ರೇಕ್ ಲೈಟ್ ಹಿಂದಿನ ಲಾರಿಯವನಿಗೆ ಕಾಣಲೇಬೇಕು. ಹಾಗಾಗಿ ಇದನ್ನು ಮುಂದೆ ಹಾಕಬೇಡಿ.

ಬೇಕಾಗುವುದು ಒಂದು ಡಿಜಿಟಲ್ ಮಲ್ಟಿಮೀಟರ್ (ವೋಲ್ಟ್, ಕರೆಂಟ್ ಅಳೆಯುವ ಮೀಟರ್), ಎರಡು ವೈರ್ ಕಟ್ಟಿದ 12 ವೋಲ್ಟ್ ಬಲ್ಬ್, ಉಜ್ಜುಕಾಗದ, ಕೆಲವು ಫ್ಯೂಸ್, ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ. ಕೈಯ ಉಂಗುರ, ಲೋಹದ ವಾಚ್ ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಮೈನಸ್ ಇದ್ದಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್‌ಗೆ ಅಷ್ಟು ಕಿಡಿ ಸಾಕು. ಏರ್‌ಬ್ಯಾಗ್ ಇರುವ ಕಾರಾದರೆ ಹಳದಿ ಬಣ್ಣದ ಕನೆಕ್ಟರ್‌ಗಳನ್ನು ಮುಟ್ಟಲೇಬೇಡಿ.

ಮೊದಲು ಬ್ಯಾಟರಿ

ಕೆಲವು ಗಂಟೆ ನಿಲ್ಲಿಸಿದ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.0ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4 ಬರಬೇಕು. ಆಗಲೂ ಹನ್ನೆರಡೂವರೆಯಲ್ಲೇ ನಿಂತರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಬೇಕು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ವಾರಗಟ್ಟಲೆ ಕಾರು ಹೊರಗೆ ತೆಗೆಯದವರಿಗೆ ಈ ಒಂದು ಅಳತೆಯಲ್ಲೇ ಉತ್ತರ ಸಿಗಬಹುದು. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಕೇಬಲ್ ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆಯಿರಿ. ಆ ನೀರು ಬ್ಯಾಟರಿಯೊಳಗೆ ಹೋಗಬಾರದು. ಒಣಗಿಸಿ, ಬಿಗಿ ಮಾಡಿ, ಮೇಲೆ ಜೆಲ್ಲಿ ಸವರಿ.

ಲೋಡ್ ಇರುವಾಗಲೇ ಅಳೆಯಿರಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಮೀಟರನ್ನು ಓಮ್‌ಗೆ (ತಡೆ ಅಳೆಯುವ ಸ್ಥಾನಕ್ಕೆ) ಇಟ್ಟು ವೈರ್ ಪರೀಕ್ಷಿಸಿದರೆ ಸಾಲದು. ಹತ್ತಾರು ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಮೀಟರ್ 'ಸರಿ ಇದೆ' ಎನ್ನುತ್ತದೆ. ತೋಟದ ಪೈಪಿನಲ್ಲಿ ಮಣ್ಣು ಕಟ್ಟಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದೆ, ನಲ್ಲಿ ಬಿಟ್ಟಾಗ ನೀರು ಸಣ್ಣಗೆ ಬರುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. ಕರೆಂಟ್ ಹರಿಯುತ್ತಿರುವಾಗ ಅಳೆದರೆ ಮಾತ್ರ ಸತ್ಯ ಗೊತ್ತಾಗುತ್ತದೆ.

ಹೆಡ್‌ಲೈಟ್ ಮಂಕಾಗಿದೆ ಎಂದುಕೊಳ್ಳಿ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಹೆಡ್‌ಲೈಟ್ ಹಾಕಿ. ಮೀಟರಿನ ಕಪ್ಪು ಪ್ರೋಬ್ (ತಾಗಿಸುವ ಕಡ್ಡಿ) ಬ್ಯಾಟರಿಯ ಮೈನಸ್ ಕಂಬದ ಮೇಲಿರಲಿ. ಕೆಂಪು ಪ್ರೋಬನ್ನು ಬಲ್ಬಿನ ಅರ್ಥ್ ವೈರಿಗೆ ತಾಗಿಸಿ. 0.1, 0.2 ವೋಲ್ಟ್ ಬಂದರೆ ಅರ್ಥ್ ಚೆನ್ನಾಗಿದೆ. 1 ವೋಲ್ಟ್ ಬಂದರೆ? ಬಲ್ಬಿಗೆ ಸಿಗಬೇಕಾದ 1 ವೋಲ್ಟ್ ತುಕ್ಕಿನಲ್ಲಿ ಪೋಲಾಗುತ್ತಿದೆ. ಅದು ಸಣ್ಣದಲ್ಲ. ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ತುಂಬ ಇಳಿಯುತ್ತದೆ. 12ರಲ್ಲಿ 1 ವೋಲ್ಟ್ ಹೋದರೆ ಹೆಚ್ಚುಕಮ್ಮಿ ಕಾಲು ಭಾಗ ಬೆಳಕು ಹೋದಂತೆ.

ಈಗ ಕೆಂಪು ಪ್ರೋಬನ್ನು ಒಂದೊಂದೇ ಹೆಜ್ಜೆ ಬ್ಯಾಟರಿ ಕಡೆಗೆ ತನ್ನಿ. ಅರ್ಥ್ ವೈರಿನ ಲಗ್ (ವೈರ್ ತುದಿಯ ಲೋಹದ ಉಂಗುರ), ಬೋಲ್ಟಿನ ತಲೆ, ಪಕ್ಕದ ಬರಿ ತಗಡು, ಬ್ಯಾಟರಿ ಕೇಬಲ್ ಬಾಡಿಗೆ ಸೇರುವ ಜಾಗ. ಯಾವ ಎರಡು ಜಾಗಗಳ ನಡುವೆ ಸಂಖ್ಯೆ ತಟ್ಟನೆ ಇಳಿಯಿತೋ, ರೋಗ ಅಲ್ಲೇ ಇದೆ. ಅರ್ಥ್ ಸರಿಯಿದ್ದರೆ ಪ್ಲಸ್ ಕಡೆ ಇದನ್ನೇ ಮಾಡಿ: ಕೆಂಪು ಪ್ರೋಬ್ ಬ್ಯಾಟರಿ ಪ್ಲಸ್‌ಗೆ, ಕಪ್ಪು ಬಲ್ಬಿನ ಪ್ಲಸ್‌ಗೆ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಫ್ಯೂಸ್ ಬಾಕ್ಸ್, ಸ್ವಿಚ್, ಕನೆಕ್ಟರ್ ಎಂದು ಹಾಗೆಯೇ ಹುಡುಕುತ್ತ ಹೋಗಿ.

ಸೆಲ್ಫ್ ನಿಧಾನವಾಗಿ ತಿರುಗಿದರೂ ಇದೇ ಉಪಾಯ. ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ಹಾಗಾಗಿ ಎಂಜಿನ್‌ನಿಂದ ಬಾಡಿಗೋ ಬ್ಯಾಟರಿಗೋ ದಪ್ಪನೆಯ ಅರ್ಥ್ ಪಟ್ಟಿ ಇರಲೇಬೇಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಸೆಲ್ಫ್ ಹೊಡೆಯಲಿ. ನೀವು ಎಂಜಿನ್ ಲೋಹಕ್ಕೂ ಬ್ಯಾಟರಿ ಮೈನಸ್‌ಗೂ ನಡುವೆ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಪಟ್ಟಿ ಬದಲಿಸಿ. ಈ ಪಟ್ಟಿ ಪೂರ್ತಿ ಕೆಟ್ಟಾಗ ಸೆಲ್ಫಿನ ಕರೆಂಟ್ ಕ್ಲಚ್ ಅಥವಾ ಆಕ್ಸಿಲರೇಟರ್ ಕೇಬಲ್ ಮೂಲಕ ಹರಿದು ಅದನ್ನೇ ಬಿಸಿ ಮಾಡುವುದೂ ಉಂಟು.

ಅರ್ಥ್ ಸರಿ ಮಾಡಲು ಬೋಲ್ಟ್ ಬಿಚ್ಚಿ. ತಗಡು, ಲಗ್ ಎರಡನ್ನೂ ಹೊಳೆಯುವ ತನಕ ಉಜ್ಜಿ. ವೈರ್ ತುದಿ ಒಳಗೆ ಕಪ್ಪಾಗಿದ್ದರೆ ಕೆಂಪು ತಾಮ್ರ ಕಾಣುವವರೆಗೂ ಕತ್ತರಿಸಿ ಹೊಸ ಲಗ್ ಹಾಕಿ. ಬಿಗಿ ಮಾಡಿದ ಮೇಲೆಯೇ ಜೆಲ್ಲಿ ಅಥವಾ ಪೇಂಟ್. ಬರೀ ಇನ್ಸುಲೇಶನ್ ಟೇಪ್ ಸುತ್ತಿ ಬಿಡಬೇಡಿ, ಮಾರಾಯ್ರೆ. ನಮ್ಮ ಸೆಕೆಗೆ ಅದರ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ಒಳಗೆ ನೀರು ನಿಲ್ಲುತ್ತದೆ. ಬಿಸಿ ತಾಗಿದರೆ ಕುಗ್ಗಿ ವೈರನ್ನು ಬಿಗಿಯಾಗಿ ಹಿಡಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ.

ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ

ದೊಡ್ಡ ಫ್ಯೂಸ್ ಹಾಕಬಾರದು. ವೈರ್ ತುಂಡು, ಸಿಗರೇಟ್ ಪ್ಯಾಕಿನ ಹಾಳೆ ಖಂಡಿತ ಬೇಡ. ಫ್ಯೂಸ್ ಇರುವುದು ವೈರನ್ನು ಕಾಯಲು. ಅದು ಕರಗದಿದ್ದರೆ ವೈರ್ ಉರಿಯುತ್ತದೆ. ಬ್ಲೇಡ್ ಫ್ಯೂಸಿನಲ್ಲಿ ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಮೊದಲು ಇದ್ದ ಅಳತೆಯದ್ದನ್ನೇ ಹಾಕಿ.

ಶಾರ್ಟ್ ಹುಡುಕಲು ಫ್ಯೂಸ್ ತೆಗೆದು ಆ ಜಾಗಕ್ಕೆ ಹಳೆಯ ಹೆಡ್‌ಲೈಟ್ ಬಲ್ಬ್ ಜೋಡಿಸಿ. ಆ ಲೈನಿನಲ್ಲಿರುವ ಬಲ್ಬ್, ಮೋಟರ್ ಎಲ್ಲ ಕಳಚಿಡಿ. ಆಗಲೂ ಬಲ್ಬ್ ಜೋರಾಗಿ ಉರಿದರೆ ವೈರ್ ಎಲ್ಲೋ ತಗಡಿಗೆ ತಾಗುತ್ತಿದೆ. ವೈರ್ ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸಿ. ಬಲ್ಬ್ ಆರಿದ ಜಾಗದಲ್ಲೇ ತೊಂದರೆ. ಡಿಕ್ಕಿ ಮತ್ತು ಬಾಗಿಲಿನ ಕೀಲು, ಎಂಜಿನ್ ಕಡೆಯಿಂದ ಡ್ಯಾಶ್‌ಬೋರ್ಡಿಗೆ ವೈರ್ ನುಗ್ಗುವ ತೂತು, ಇಲ್ಲಿ ರಬ್ಬರ್ ಹರಿದಿರುತ್ತದೆ. ಮಳೆಗಾಲದಲ್ಲಿ ಇಲಿಗಳು ಬಾನೆಟ್ ಒಳಗಿನ ಬೆಚ್ಚಗಿನ ಜಾಗ ಹುಡುಕಿ ಬರುತ್ತವೆ. ಕಡಿದ ಗುರುತು ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ.

ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿ ಬೆಳಿಗ್ಗೆ ಖಾಲಿಯಾಗುತ್ತಿದ್ದರೆ ಮೀಟರನ್ನು 10 ಆಂಪಿಯರ್‌ಗೆ ಬದಲಿಸಿ. ಬಿಚ್ಚಿದ ಮೈನಸ್ ಕೇಬಲ್ ಮತ್ತು ಮೈನಸ್ ಕಂಬದ ನಡುವೆ ಸೇರಿಸಿ. ಎಲ್ಲ ಆಫ್ ಇರಲಿ. ಸೆಲ್ಫ್ ಹೊಡೆಯಲೇಬೇಡಿ, ಮೀಟರ್ ಸುಟ್ಟುಹೋಗುತ್ತದೆ. 0.05 ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಎಳೆಯುತ್ತ ಹೋಗಿ. ಸಂಖ್ಯೆ ಇಳಿದ ಲೈನೇ ಕಳ್ಳ. ಬಹಳ ಸಲ ಅದು ಆಮೇಲೆ ಹಾಕಿಸಿದ ಸ್ಟೀರಿಯೋ ಅಥವಾ ಅಲಾರಂ ಆಗಿರುತ್ತದೆ.

ಪೆಟ್ರೋಲ್ ವಾಸನೆ ಬರುತ್ತಿದ್ದರೆ ಏನನ್ನೂ ಅಳೆಯಲು ಹೋಗಬೇಡಿ. ವೈರ್ ಕಟ್ಟು ಸುಟ್ಟಿದ್ದರೆ ಮೈನಸ್ ಕಳಚಿ, ಆಟೋ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಎಲ್ಲಿ ಎಷ್ಟು ವೋಲ್ಟ್ ಬಂತೆಂದು ಬರೆದಿಟ್ಟಿದ್ದರೆ ಆ ಚೀಟಿಯನ್ನೂ ಅವರ ಕೈಗೆ ಕೊಡಿ.