ಚೀಟಿಯಲ್ಲಿದ್ದ ಪದ, ಪದ್ಯದಲ್ಲಿಲ್ಲದ ಪದ

ನಮ್ಮ ಅಡುಗೆಮನೆಯ ಕಪಾಟಿನ ಮೇಲೆ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿಯಿದೆ. ಅದರೊಳಗೆ ಸುಮಾರು 120 ಚೀಟಿಗಳಿದ್ದು, ಕೆಲವದರಲ್ಲಿ ಒಂದು ಪದ, ಕೆಲವದರಲ್ಲಿ ಒಂದು ಸಾಲು ಇದೆ. ರಾತ್ರಿ ಊಟದ ಪಾತ್ರೆಗಳನ್ನು ತೊಳೆದಿಟ್ಟ ಮೇಲೆ ಒಂದು ಚೀಟಿ ಎತ್ತಿಕೊಂಡು 20 ನಿಮಿಷ ಕೂರುತ್ತೇನೆ. ಈ ರೂಢಿಗೆ ಈಗ ಆರು ವರ್ಷ. ಬರೆದದ್ದರಲ್ಲಿ ಹೆಚ್ಚಿನವು ಹನಿಗವನ ಮತ್ತು ನ್ಯಾನೋ ಕಥೆಗಳು; ಅವುಗಳಲ್ಲಿ ಇನ್ನೊಬ್ಬರಿಗೆ ಓದಿ ಹೇಳಬಹುದಾದವು ಹತ್ತರಲ್ಲಿ ಒಂದೂ ಇರಲಾರದು.

ಪದ ಕೊಟ್ಟು ಬರೆಸುವುದು ನಮಗೆ ಹೊಸ ಪದ್ಧತಿಯೇನಲ್ಲ. ಸಭೆಯ ಮುಂದೆ ಸ್ಥಳದಲ್ಲೇ ಪದ್ಯ ಕಟ್ಟುವ ಅವಧಾನದಲ್ಲಿ, ಸವಾಲು ಒಡ್ಡುವ ಪೃಚ್ಛಕರು ದತ್ತಪದಿಯೆಂದು ನಾಲ್ಕು ಪದಗಳನ್ನು ಕೊಡುತ್ತಾರೆ. ಅವಧಾನಿಗಳು ಅವನ್ನು ಹೇಳಿದ ವಸ್ತುವಿನ ಪದ್ಯದೊಳಗೆ ಕೂರಿಸಬೇಕು. ಸಮಸ್ಯಾಪೂರಣದಲ್ಲಿ ಅರ್ಥವೇ ಇಲ್ಲವೆಂಬಂತೆ ತೋರುವ ಒಂದು ಸಾಲನ್ನು ಕೊಟ್ಟರೆ, ಉಳಿದ ಸಾಲುಗಳನ್ನು ಕಟ್ಟಿ ಅದಕ್ಕೆ ಅರ್ಥ ಬರುವಂತೆ ಮಾಡಬೇಕು. ನನಗೆ ಆ ವಿದ್ಯೆಯಾಗಲಿ, ಆ ಛಂದಸ್ಸಿನ ಹಿಡಿತವಾಗಲಿ ಇಲ್ಲ. ಆದರೆ ಕೊಟ್ಟ ಪದದ ರೂಢಿಯ ಅರ್ಥಕ್ಕೆ ಅಂಟಿಕೊಂಡು ಕೂರಬಾರದೆಂಬ ಬುದ್ಧಿಯನ್ನು ನಾನು ಅಲ್ಲಿಂದಲೇ ಕಲಿತೆ.

ಅದನ್ನು ಕಲಿಯುವುದಕ್ಕೂ ಬಹಳ ದಿನ ಬೇಕಾಯಿತು. ಒಮ್ಮೆ 'ಕೊಡೆ' ಎಂಬ ಚೀಟಿ ಬಂದಿತು. ಬರೆಯಲು ಕುಳಿತ ಐದು ನಿಮಿಷದೊಳಗೆ, ಮಳೆಯಲ್ಲಿ ನಿಂತವನು ಕೊಡೆ ಕೇಳಿದನೆಂದೂ ಅವಳು 'ಕೊಡೆ' ಎಂದಳೆಂದೂ ಒಂದು ಶ್ಲೇಷೆ ಸಿದ್ಧವಾಯಿತು. ಬರೆದವಳಿಗೇ ನಗು ಬಂದಿತು. ಮರುದಿನ ಬೆಳಗ್ಗೆ ಓದಿದಾಗ, ಕನ್ನಡ ಬಲ್ಲ ಯಾರ ಮುಂದೆ ಈ ಪದವನ್ನಿಟ್ಟರೂ ಮೊದಲು ಬರುವುದು ಇದೇ ಎಂದು ಹೊಳೆಯಿತು. ಅದಕ್ಕೂ ಮೊದಲು ನಾನು ಬರೆದಿದ್ದ ಹನಿಗಳಲ್ಲಿ ಅರ್ಧದಷ್ಟು ಇಂಥವೇ. ಶ್ಲೇಷೆಯ ಬಗ್ಗೆ ನನಗೆ ತಿರಸ್ಕಾರವಿಲ್ಲ. ಆದರೆ ಹಚ್ಚಿದ ಪಟಾಕಿಯನ್ನು ಮತ್ತೆ ಹಚ್ಚಲು ಬರುವುದಿಲ್ಲ. ಅಂದಿನಿಂದ, ಮೊದಲು ಹೊಳೆದ ಮೂರನ್ನು ಪುಸ್ತಕದ ಎಡಪುಟದಲ್ಲಿ ಬರೆದು ಅಡ್ಡಗೀಟು ಎಳೆದ ಬಳಿಕವೇ ಬಲಪುಟಕ್ಕೆ ಬರುವುದೆಂದು ಇಟ್ಟುಕೊಂಡಿದ್ದೇನೆ.

ಬಲಪುಟಕ್ಕೆ ಬಂದ ಮೇಲೆ ನನ್ನನ್ನು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ವಸ್ತುವನ್ನು ನಾನು ಕೊನೆಯ ಸಲ ಎಲ್ಲಿ, ಯಾರ ಕೈಯಲ್ಲಿ ನೋಡಿದೆ? ಕೊಡೆಯ ವಿಷಯದಲ್ಲಿ ನೆನಪಿಗೆ ಬಂದವನು, ಮಳೆಗಾಲ ಹಿಡಿಯುವ ಮುನ್ನ ನಮ್ಮ ಮಲೆನಾಡಿನ ಊರಿನ ಬಸ್ ನಿಲ್ದಾಣದ ಮೂಲೆಯಲ್ಲಿ ಕೊಡೆ ರಿಪೇರಿಗೆ ಕೂರುವ ಮನುಷ್ಯ. ಮೊದಲ ಕರಡು ಹೀಗಿತ್ತು:

ಬಸ್ ನಿಲ್ದಾಣದ ಮೂಲೆಯಲ್ಲಿ ಕುಳಿತು
ನೂರಾರು ಕೊಡೆಗಳ ರಿಪೇರಿ ಮಾಡುವ
ಬಡಪಾಯಿಗೆ ಮಾತ್ರ ಕೊಡೆಯಿಲ್ಲ,
ಇದೇ ಅಲ್ಲವೇ ಬದುಕು!

ನಮ್ಮ ಹನಿಗವನಗಳಲ್ಲಿ 'ಬದುಕು' ಎಂಬುದು ದಣಿದ ಕವಿಗೆ ಒರಗಿಕೊಳ್ಳಲು ಸಿಗುವ ಗೋಡೆ. ಆ ಸಾಲು ಮೊದಲು ಹೋಯಿತು. 'ಬಡಪಾಯಿ' ಎಂದು ನಾನೇ ತೀರ್ಪು ಕೊಟ್ಟಿದ್ದೆನಾದ್ದರಿಂದ ಅದೂ ಹೋಯಿತು. ಅವನ ಕೈಗಳು ಏನು ಮಾಡುತ್ತಿದ್ದವು ಎಂಬುದನ್ನಷ್ಟೇ ಬರೆಯುತ್ತ ಹೋದಾಗ, ಐದನೆಯ ಕರಡು ಇಲ್ಲಿಗೆ ಬಂದು ನಿಂತಿತು:

ಕಡ್ಡಿ ಕಟ್ಟಿ, ಬಟ್ಟೆ ಹೊಲಿದು
ಬಿಚ್ಚಿ ನೋಡಿ ಮಡಚಿಟ್ಟ.
ಮಳೆ ಬಂತು;
ಗೋಣಿಕೊಪ್ಪೆ ಹಾಕಿಕೊಂಡ.

'ಕೊಡೆ' ಎಂಬ ಪದವೇ ಇದರಲ್ಲಿ ಉಳಿದಿಲ್ಲ. ಇದನ್ನು ಅದೇ ದತ್ತಪದದ ಒಂದು ಸ್ಪರ್ಧೆಗೆ ಕಳುಹಿಸಿದಾಗ, ಕೊಟ್ಟ ಪದ ಬಳಕೆಯಾಗಿಲ್ಲವೆಂಬ ಕಾರಣಕ್ಕೆ ಅದು ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ನಿಯಮದ ದೃಷ್ಟಿಯಿಂದ ಅವರು ಮಾಡಿದ್ದು ಸರಿ. ದತ್ತಪದಿಯಲ್ಲೂ ಪದ ಕಾಣಿಸಲೇಬೇಕು. ಆದರೂ ಪದವನ್ನು ಮರಳಿ ತುರುಕಲು ನನಗೆ ಮನಸ್ಸಾಗಲಿಲ್ಲ. ಮನೆಯ ಅಭ್ಯಾಸದಲ್ಲಿ ನನಗೆ ಚೀಟಿಯ ಪದವೆಂದರೆ ಬಾವಿಗೆ ಇಳಿಸುವ ಹಗ್ಗ. ನೀರು ಮೇಲೆ ಬಂದ ಮೇಲೆ ಅದನ್ನು ಕೊಡದೊಳಗೆ ಹಾಕಿ ಒಯ್ಯಬೇಕಿಲ್ಲ.

ಭಾವದ ಹೆಸರುಗಳು ಬಂದಾಗ ಕಷ್ಟ ಹೆಚ್ಚು. ಮೌನ, ವಿರಹ, ನಿರೀಕ್ಷೆ ಇಂಥ ಚೀಟಿಗಳನ್ನು ಎಸೆದುಬಿಡಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಈಗ ಮೊದಲು ಅವನ್ನು ಒಂದು ಪಾತ್ರೆಗೋ, ಗೋಡೆಗೋ, ಹೊತ್ತಿಗೋ ಇಳಿಸಿಕೊಳ್ಳುತ್ತೇನೆ. 'ನಿರೀಕ್ಷೆ' ಬಂದ ರಾತ್ರಿ, ಬೇಸಿಗೆಯಲ್ಲಿ ಅಪರಾತ್ರಿ ಬರುವ ನೀರಿಗಾಗಿ ನಲ್ಲಿಯ ಕೆಳಗೆ ಕೊಡವಿಟ್ಟು ಮಲಗುವುದು ನೆನಪಾಯಿತು. ಅದನ್ನು ಹಾಯ್ಕುವಿನ ಐದು, ಏಳು, ಐದು ಅಕ್ಷರಗಳಿಗೆ ಹೊಂದಿಸಲು ನಾಲ್ಕು ದಿನ ಹಿಡಿಯಿತು. ಜಪಾನಿ ಲೆಕ್ಕವನ್ನು ಕನ್ನಡದ ಅಕ್ಷರಕ್ಕೆ ಒಗ್ಗಿಸಿಕೊಂಡರೆ ಎದುರಾಗುವ ತೊಡಕು ನಮ್ಮ ಕ್ರಿಯಾಪದಗಳ ಉದ್ದ. 'ಹೋಗುತ್ತಿದ್ದಾಳೆ' ಎಂದು ಬರೆದರೆ ಐದು ಅಕ್ಷರ ಮುಗಿದು, ಒಂದು ಇಡೀ ಸಾಲೇ ಖರ್ಚಾಯಿತು. 'ಕಾಯುತ್ತಿರುವಳು' ಎಂದರೆ ಆರು, ಸಾಲು ಮೀರಿತು. ಹೀಗಾಗಿ 'ಇರು' ಹತ್ತಿಸಿದ ರೂಪಗಳನ್ನೆಲ್ಲ ಬಿಟ್ಟು, ಕತ್ತರಿಸಿದಂತೆ ನಿಲ್ಲುವ ಭೂತಕಾಲಕ್ಕೆ ಬರಬೇಕಾಯಿತು:

ನಲ್ಲಿ ತೊಟ್ಟಿಕ್ಕಿ
ಖಾಲಿ ಕೊಡದೊಳಗೆ
ರಾತ್ರಿ ತುಂಬಿತು

ಕೊನೆಯ ಸಾಲು ಮೊದಲಿನೆರಡಕ್ಕಿಂತ ಹಗುರವಾಗಿರಬೇಕೆಂಬುದನ್ನು ನಾನು ಹಾಯ್ಕುವಿನಿಂದ ಕಲಿಯಲಿಲ್ಲ, ತ್ರಿಪದಿಯಿಂದ ಕಲಿತೆ. ಕ್ರಿ.ಶ. 700ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಕಾಣುವ ಆ ಮಟ್ಟಿನಲ್ಲಿ, ಮೊದಲೆರಡು ಸಾಲುಗಳಿಗೆ ನಾಲ್ಕು ನಾಲ್ಕು ಗಣ, ಅಂದರೆ ಲಯದ ತುಂಡು; ಮೂರನೆಯದಕ್ಕೆ ಮೂರೇ. ಒಂದು ಗಣ ಕಡಿಮೆಯಾದ ಆ ಜಾಗದಲ್ಲಿ ಕೇಳುವವರ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಅಂತ್ಯಪ್ರಾಸದ ಚುಟುಕಗಳಲ್ಲಿ ಮಾತ್ರ ನಾನು ಇಂದಿಗೂ ಸೋಲುತ್ತೇನೆ. ಪ್ರಾಸಕ್ಕೋಸ್ಕರ ಬೇಡದ 'ಗೆಳತಿ'ಯೊಬ್ಬಳು ನಾಲ್ಕನೆಯ ಸಾಲಿಗೆ ಬಂದು ನಿಂತುಬಿಡುತ್ತಾಳೆ.

ನ್ಯಾನೋ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕನ್ನಡದ ಕ್ರಿಯಾಪದದ ತುದಿ. ದತ್ತಸಾಲು 'ಬಾಗಿಲು ತೆರೆಯಿತು' ಎಂದಿತ್ತು. ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವ ಬಸ್ ಚಾಲಕಿಯೊಬ್ಬಳ ಕಥೆ. ಅವಳು ಹೆಂಗಸೆಂಬುದು ಕೊನೆಯಲ್ಲಿ ತಿಳಿಯಬೇಕೆಂಬುದು ನನ್ನ ಯೋಜನೆಯಾಗಿತ್ತು. ಆದರೆ 'ಬಸ್ಸು ನಿಲ್ಲಿಸಿದಳು' ಎಂದೊಡನೆ ಗುಟ್ಟು ರಟ್ಟು. 'ಅವರು ನಿಲ್ಲಿಸಿದರು' ಎಂದು ಬಹುವಚನಕ್ಕೆ ಹೋದರೆ, ಇಪ್ಪತ್ತೈದು ದಾಟದ ಹುಡುಗಿಗೆ ಕಥೆ ಹೇಳುವವಳು ಅಷ್ಟು ಮರ್ಯಾದೆ ಕೊಡುವುದೇ ಅನುಮಾನ ಹುಟ್ಟಿಸುತ್ತದೆ. ಕನ್ನಡದ ಏಕವಚನದಲ್ಲಿ ಲಿಂಗ ಹೇಳದೆ ಉಳಿಯುವುದು ಉತ್ತಮ ಪುರುಷ ಮತ್ತು ಮಧ್ಯಮ ಪುರುಷಗಳಲ್ಲಿ ಮಾತ್ರ: ಬಂದೆ, ನಿಲ್ಲಿಸಿದೆ, ಬಂದೆಯಾ. ಬೇರೆ ದಾರಿಯಿಲ್ಲದೆ ಅವಳ ಬಾಯಿಂದಲೇ ಹೇಳಿಸಿದೆ:

"ಹನ್ನೊಂದಕ್ಕೆ ಡಿಪೋದಲ್ಲಿ ಬಸ್ಸು ಬಿಟ್ಟು ಮನೆಗೆ ಬಂದೆ. ತಟ್ಟುವ ಮೊದಲೇ ಬಾಗಿಲು ತೆರೆಯಿತು. ಮಗು ಮಲಗಿತ್ತು. 'ನಿನಗೇ ಕಾಯ್ತಾ ಇದ್ವಿ ಕಣೇ, ಯಾರೂ ಉಂಡಿಲ್ಲ' ಎಂದರು ಅತ್ತೆ, ತಟ್ಟೆಗಳನ್ನು ನನ್ನ ಕೈಗಿಟ್ಟು."

ಬರೆದು ಮುಗಿಸಿದಾಗ, ಗುಟ್ಟು ಕಾಯುವುದಕ್ಕೆ ಪಟ್ಟ ಪಾಡೆಲ್ಲ ಬೇರೆಯದೇ ಕೆಲಸಕ್ಕೆ ಒದಗಿತ್ತು. ಅವಳು ಹೆಂಗಸೆಂಬ ಸಂಗತಿ ಈಗ ತಿರುವೇ ಅಲ್ಲ. 'ಕಾಯ್ತಾ ಇದ್ವಿ' ಎಂಬಲ್ಲಿರುವ ಅಕ್ಕರೆಗೂ ಕೈಗೆ ಬಂದ ತಟ್ಟೆಗೂ ನಡುವಿನ ಅಂತರವೇ ಕಥೆ. ಇದನ್ನು ಓದಿದ ನಮ್ಮ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಾನಲ್ಲ ತಾನೆ?" ಎಂದು ಕೇಳಿದರು. ಅಲ್ಲವೆಂದೆ. ಆ ರಾತ್ರಿ ಪಾತ್ರೆಗಳನ್ನು ಅವರೇ ತೊಳೆದರು.

ಚಿತ್ರ ನೋಡಿ ಬರೆಯುವುದು ನನಗೆ ಒಗ್ಗಲಿಲ್ಲ. ಚಿತ್ರ ಆಗಲೇ ಎಲ್ಲವನ್ನೂ ತೋರಿಸಿಬಿಟ್ಟಿರುತ್ತದೆ, ನಾನು ಅದನ್ನು ವರ್ಣಿಸುವ ಗುಮಾಸ್ತಳಾಗುತ್ತೇನೆ; ಆದ್ದರಿಂದ ಅದನ್ನು ಕೈಬಿಟ್ಟಿದ್ದೇನೆ. ಬಾಟಲಿಗೆ ಹೊಸ ಚೀಟಿಗಳನ್ನು ಮನೆಯವರೂ ಬರೆದು ಹಾಕುತ್ತಾರೆ. ಮಗಳು ಹಾಕುವವು 'ಚಾರ್ಜರ್', 'ಹೋಂವರ್ಕ್'. ಅತ್ತೆ ಹಾಕಿದ್ದು 'ಅಟ್ಟ'. ಈ 'ಅಟ್ಟ' ಇದುವರೆಗೆ ನಾಲ್ಕು ಸಲ ನನ್ನ ಕೈಗೆ ಬಂದಿದೆ. ಎಡಪುಟದಲ್ಲಿ ಹತ್ತು ಅಡ್ಡಗೀಟುಗಳಾಗಿವೆ, ಬಲಪುಟ ಇನ್ನೂ ಖಾಲಿ. ನಿನ್ನೆ ರಾತ್ರಿಯೂ ಅದನ್ನೇ ಎತ್ತಿದೆ; 20 ನಿಮಿಷ ಕುಳಿತು, ಮಡಚಿ, ಬಾಟಲಿಗೆ ಮರಳಿಸಿದೆ.