ಐವತ್ತು ರೂಪಾಯಿಯ ಪರೀಕ್ಷೆ ಮತ್ತು ತವರಿನ ಹೆರಿಗೆ

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಪ್ರಸೂತಿ ವೈದ್ಯೆಯಾಗಿರುವ ನಾನು, ಎಲ್ಲ ಗರ್ಭಿಣಿಯರಿಗೂ ಹೆಪಟೈಟಿಸ್ ಬಿ (ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ದಾಟಬಲ್ಲ ಯಕೃತ್ತಿನ ವೈರಸ್ ಸೋಂಕು) ಪರೀಕ್ಷೆ ಮಾಡುವುದು ಖರ್ಚಿಗೆ ತಕ್ಕ ಕೆಲಸವೇ ಎಂದು ಒಮ್ಮೆ ಲೆಕ್ಕ ಹಾಕಿದೆ. 1,000 ಗರ್ಭಿಣಿಯರು, ತಲಾ 50 ರೂಪಾಯಿಯ ಕಾರ್ಡ್ ಪರೀಕ್ಷೆ, ನೂರಕ್ಕೊಬ್ಬರಲ್ಲಿ ಸೋಂಕು, ಅವರ 10 ಶಿಶುಗಳಿಗೆ ತಲಾ 5,000 ರೂಪಾಯಿಯ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಎಂದು ಅಂದಾಜು ಹಿಡಿದಾಗ 1 ಲಕ್ಷವಾಯಿತು. ಏನೂ ಮಾಡದಿದ್ದರೆ ಆ ಹತ್ತರಲ್ಲಿ ಎರಡು ಮೂರು ಶಿಶುಗಳಿಗೆ ಸೋಂಕು ತಗಲುತ್ತಿತ್ತೆಂದು ಭಾವಿಸಿ, ತಪ್ಪಿದ ಪ್ರತಿ ಸೋಂಕಿಗೆ ಸುಮಾರು 43 ಸಾವಿರ ಎಂದು ಬರೆದು ಹಿಗ್ಗಿದೆ.

ಲೆಕ್ಕ ತಪ್ಪಾಗಿತ್ತು. ಹೆಪಟೈಟಿಸ್ ಬಿ ಲಸಿಕೆ 2011ರಿಂದ ದೇಶದಾದ್ಯಂತ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿದ್ದು, ತಾಯಿಯ ಫಲಿತಾಂಶ ಏನೇ ಇರಲಿ, ಹುಟ್ಟಿದ 24 ಗಂಟೆಯೊಳಗೆ ಶಿಶುವಿಗೆ ಮೊದಲ ಡೋಸ್ ಕೊಡುತ್ತೇವೆ. ಅದೊಂದೇ ಮುಕ್ಕಾಲು ಪಾಲು ಸೋಂಕನ್ನು ತಡೆಯುತ್ತದೆಂದು ಹಿಡಿದರೆ, ಪರೀಕ್ಷೆಯಿಂದ ಹೆಚ್ಚುವರಿಯಾಗಿ ಉಳಿಯುವುದು ಸಾವಿರ ಗರ್ಭಿಣಿಯರಿಗೆ ಅರ್ಧ ಶಿಶುವಿಗಿಂತಲೂ ಕಡಿಮೆ. ಖರ್ಚು ಪ್ರತಿ ಸೋಂಕಿಗೆ ಎರಡೂವರೆ ಲಕ್ಷಕ್ಕೆ ಏರುತ್ತದೆ.

ಆದರೂ ಇದು ದುಬಾರಿಯೆಂದು ನನಗೆ ಅನ್ನಿಸಲಿಲ್ಲ. ಹುಟ್ಟುವಾಗ ಸೋಂಕು ತಗಲಿದ ಶಿಶುಗಳಲ್ಲಿ ಶೇ. 90ರಷ್ಟಕ್ಕೆ ಅದು ದೀರ್ಘಕಾಲ ಉಳಿಯುತ್ತದೆ, ಮುಂದೆ ಸಿರೋಸಿಸ್ (ಯಕೃತ್ತು ಗಟ್ಟಿಯಾಗಿ ಹಾಳಾಗುವುದು) ಅಥವಾ ಯಕೃತ್ತಿನ ಕ್ಯಾನ್ಸರ್‌ಗೆ ದಾರಿಯಾಗಬಹುದು. ಎಚ್‌ಐವಿ, ಸಿಫಿಲಿಸ್‌ಗಾಗಿ ರಕ್ತ ತೆಗೆದೇ ಇರುವುದರಿಂದ ಮತ್ತೊಮ್ಮೆ ಚುಚ್ಚಬೇಕಿಲ್ಲ. ಫಲಿತಾಂಶ ಗೊತ್ತಾದರೆ ರಕ್ತದಲ್ಲಿ ವೈರಸ್ ಹೆಚ್ಚಿರುವ ತಾಯಿಗೆ ಕೊನೆಯ ತಿಂಗಳುಗಳಲ್ಲಿ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಕೊಡಬಹುದು, ಗಂಡನನ್ನೂ ಪರೀಕ್ಷಿಸಬಹುದು. ಈ ಲಾಭಗಳು ನನ್ನ ಲೆಕ್ಕದಲ್ಲಿ ಸೇರಿಯೇ ಇಲ್ಲ.

ನಿಜವಾದ ಸೋರಿಕೆ ಇರುವುದು ತವರಿನ ದಾರಿಯಲ್ಲಿ. ನಮ್ಮಲ್ಲಿ ಪರೀಕ್ಷೆಯಾಗಿ ಸೋಂಕು ಗೊತ್ತಾದ ಚೊಚ್ಚಲ ಗರ್ಭಿಣಿ ಸೀಮಂತ ಮುಗಿಸಿ ತವರಿಗೆ ಹೋಗುತ್ತಾಳೆ. ಅಲ್ಲಿ ರಾತ್ರಿ ಹೆರಿಗೆಯಾಗಿ, ಫಲಿತಾಂಶವಿರುವ ತಾಯಿ ಕಾರ್ಡ್ ಯಾರೂ ತೆರೆದು ನೋಡದೆ, ಇಮ್ಯುನೊಗ್ಲಾಬ್ಯುಲಿನ್ ಕೊಡಬೇಕಾದ ಮೊದಲ 12 ಗಂಟೆ ಕಳೆದುಹೋದರೆ ಆ ಐವತ್ತು ರೂಪಾಯಿ ನೀರಿಗೆ ಹಾಕಿದಂತೆಯೇ. ಎದ್ದು ಕಾಣುವಂತೆ ಫಲಿತಾಂಶವನ್ನು ಕೆಂಪು ಶಾಯಿಯಲ್ಲಿ ಬರೆಯೋಣವೆಂದರೆ ಆ ಕಾರ್ಡ್ ಅತ್ತೆಯ ಕೈಗೂ ಹೋಗುತ್ತದೆ, ಗುಟ್ಟು ಉಳಿಯುವುದಿಲ್ಲ. ಹಾಗಾಗಿ ಏಳನೇ ತಿಂಗಳ ತಪಾಸಣೆಯಲ್ಲೇ ಹೆರಿಗೆ ಎಲ್ಲಿ ಎಂದು ಕೇಳಿ, ಅವಳ ಒಪ್ಪಿಗೆ ಪಡೆದು, ಆ ಊರಿನ ಹೆರಿಗೆ ವಾರ್ಡಿಗೆ ನಾನೇ ಫೋನ್ ಮಾಡುತ್ತೇನೆ, ಇಮ್ಯುನೊಗ್ಲಾಬ್ಯುಲಿನ್ ದಾಸ್ತಾನಿದೆಯೇ ಎಂದು ವಿಚಾರಿಸುತ್ತೇನೆ. ಇಲ್ಲವೆಂದರೆ ನಮ್ಮಲ್ಲಿಂದ ಕಳಿಸುವ ಏರ್ಪಾಡು ಮಾಡುತ್ತೇನೆ.