ಬಾವಿ ತೋರಿಸಿದ ಮೂರು ನಾಣ್ಯ

ನನಗೆ ಜ್ಯೋತಿಷ್ಯದಲ್ಲಿ ಅಂಥಾ ನಂಬಿಕೆಯೇನೂ ಇಲ್ಲ. ಆದರೂ ಕೆಲವು ವರ್ಷಗಳಿಂದ ಐ ಚಿಂಗ್ ನೋಡುತ್ತೇನೆ. ಚೀನಾದ ಝೌ ಅರಸರ ಕಾಲದ, ಸುಮಾರು 3,000 ವರ್ಷ ಹಳೆಯ ಶಕುನದ ಪುಸ್ತಕ ಅದು. ನನ್ನ ಹತ್ತಿರ ಇರುವುದು ರಿಚರ್ಡ್ ವಿಲ್ಹೆಲ್ಮ್ ಜರ್ಮನ್‌ಗೆ ತಂದದ್ದರ ಇಂಗ್ಲಿಷ್ ಪ್ರತಿ.

ಆಗ ನಾನು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಗೋದಾಮಿನ ಸ್ಟಾಕ್ ತಾಳೆ ನೋಡಲು ಎರಡು ದಿನ ಹಿಡಿಯುತ್ತಿತ್ತು. ಅದು ಅರ್ಧ ಗಂಟೆಯಲ್ಲಿ ಮುಗಿಯುವ ಹಾಗೆ ಒಂದು ಎಕ್ಸೆಲ್ ಶೀಟ್ ಮಾಡಿಟ್ಟೆ. ಒಬ್ಬರೂ ತೆರೆದು ನೋಡಲಿಲ್ಲ. ಸಾಕಪ್ಪಾ ಈ ಕೆಲಸ ಅನ್ನಿಸಿತು. ಒಂದು ರಾತ್ರಿ ಊಟ ಮುಗಿಸಿ ಒಂದು ರೂಪಾಯಿಯ ಮೂರು ನಾಣ್ಯ ಹಿಡಿದು ಕೂತೆ.

ಹಳೆಯ ಪದ್ಧತಿಯಲ್ಲಿ ‘ಯಾರೋ’ ಎಂಬ ಗಿಡದ 50 ಕಡ್ಡಿ ಬೇಕು. ಒಂದನ್ನು ಪಕ್ಕಕ್ಕಿಟ್ಟು ಉಳಿದ 49ನ್ನು ಪಾಲು ಮಾಡಿ ಎಣಿಸುತ್ತಾ ಹೋಗಬೇಕು. ಅಷ್ಟು ತಾಳ್ಮೆ ನನಗಿಲ್ಲ. ನಾಣ್ಯದಲ್ಲಿ ಸುಲಭ. ಸಿಂಹದ ಕಡೆಗೆ 3, ಬೆಲೆ ಬರೆದ ಕಡೆಗೆ 2. ಮೂರನ್ನೂ ಕೂಡಿದರೆ 6, 7, 8 ಅಥವಾ 9. ಬೆಸ ಬಂದರೆ ಇಡೀ ಗೆರೆ, ಸಮ ಬಂದರೆ ನಡುವೆ ತುಂಡಾದ ಗೆರೆ. 6 ಮತ್ತು 9 ಬದಲಾಗುವ ಗೆರೆಗಳು, ತುಂಡು ಇಡಿಯಾಗುತ್ತದೆ, ಇಡೀ ತುಂಡಾಗುತ್ತದೆ. ಆರು ಸಲ ಹಾಕಿ, ಗೋಡೆ ಕಟ್ಟಿದ ಹಾಗೆ ಕೆಳಗಿನಿಂದ ಮೇಲಕ್ಕೆ ಬರೆಯಬೇಕು. ಇಂಥ 64 ಚಿತ್ರಗಳಿವೆ.

ನನಗೆ ಬಿದ್ದದ್ದು 8, 7, 9, 8, 7, 8. ಮೂರನೇ ಸಲ ಮೂರೂ ಸಿಂಹ. ಪುಸ್ತಕ ತೆಗೆದರೆ 48ನೆಯ ಚಿತ್ರ, ಬಾವಿ! ಬದಲಾದ ಮೂರನೇ ಗೆರೆ ಹೇಳುವುದು ಇಷ್ಟು: ಬಾವಿ ಶುಚಿಯಾಗಿದೆ, ಆದರೆ ಯಾರೂ ಕುಡಿಯುತ್ತಿಲ್ಲ. ಅದೇ ನನ್ನ ಮನಸ್ಸಿನ ನೋವು. ಅರಸನಿಗೆ ಕಣ್ಣಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

ಓದಿ ಎಷ್ಟು ಖುಷಿಯಾಯಿತು ಅಂದರೆ! ನಾನೇ ಬಾವಿ, ನಮ್ಮ ಮ್ಯಾನೇಜರ್ರೇ ಕಣ್ಣಿಲ್ಲದ ಅರಸ. ಆದರೆ ಆ ಗೆರೆ ತುಂಡಾದರೆ ಆಗುವ ಚಿತ್ರ 29ನೆಯದು, ಹಳ್ಳದ ಮೇಲೆ ಹಳ್ಳ. ಅದು ಹಿಡಿಸಲಿಲ್ಲ. ಮತ್ತೆ ಹಾಕಿದೆ. ಇನ್ನೊಂದು ಸಲ ಹಾಕಿದೆ. ಒಂದಕ್ಕೊಂದು ಸಂಬಂಧವಿಲ್ಲದ ಚಿತ್ರಗಳು. ಸುಮ್ನೆ ಪುಟ ತಿರುವುತ್ತಿದ್ದಾಗ 4ನೆಯದು ಕಣ್ಣಿಗೆ ಬಿತ್ತು. ಮೊದಲ ಸಲ ಕೇಳಿದರೆ ಹೇಳುತ್ತೇನೆ, ಎರಡು ಮೂರು ಸಲ ಕೇಳಿದರೆ ಅದು ಪೀಡಿಸಿದ ಹಾಗೆ, ಹೇಳುವುದಿಲ್ಲ ಅಂತ ಅಲ್ಲಿದೆ. ಬೈಸಿಕೊಂಡ ಹಾಗಾಯಿತು.

ನನ್ನ ಪ್ರಶ್ನೆಯೇ ಸರಿ ಇರಲಿಲ್ಲ. ‘ಕೆಲಸ ಬಿಡಲಾ?’ ಅಂತ ಕೇಳಿದ್ದೆ. ದೇವಸ್ಥಾನದಲ್ಲಿ ಹೂ ಕೇಳಿದರೆ ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಐ ಚಿಂಗ್ ಹಾಗೆ ಹೂಂ, ಊಹೂಂ ಅನ್ನುವುದಿಲ್ಲ, ಒಂದು ಚಿತ್ರ ಕೊಟ್ಟು ಸುಮ್ಮನಾಗುತ್ತದೆ. ಈಗ ನಾನು ‘ಇಲ್ಲಿ ನನಗೆ ಕಾಣದೇ ಇರೋದು ಏನು?’ ಅಂತ ಬರೆದುಕೊಂಡು ಹಾಕುತ್ತೇನೆ.

ಮಾರನೇ ದಿನ ಬಾವಿಯನ್ನೇ ಮತ್ತೆ ಓದಿದೆ. ರಾತ್ರಿ ಖುಷಿಯಲ್ಲಿ, ಗೆರೆಗಳಿಗೂ ಮೊದಲು ಬರುವ ಮಾತನ್ನೇ ಹಾರಿಸಿದ್ದೆ. ಹಗ್ಗ ನೀರಿನ ತನಕ ಮುಟ್ಟದಿದ್ದರೆ, ಕೊಡ ಒಡೆದರೆ ಕೇಡು ಅಂತ ಅದರಲ್ಲಿದೆ. ಹಗ್ಗ ಯಾರದು? ಆ ಶೀಟನ್ನು ಕಾಮನ್ ಫೋಲ್ಡರ್‌ನಲ್ಲಿ ಇಟ್ಟು ಒಂದು ಮೇಲ್ ಹಾಕಿದ್ದೆ, ಅಷ್ಟೇ. ಯಾರಿಗೂ ಕೂತು ತೋರಿಸಿರಲಿಲ್ಲ. ಮ್ಯಾನೇಜರ್ ಹತ್ತಿರ ಲ್ಯಾಪ್‌ಟಾಪ್ ಒಯ್ದು, “ಸಾರ್, ಹತ್ತು ನಿಮಿಷ” ಅಂದೆ. ಅವರು ನೋಡಿ, “ಇದು ಇತ್ತು ಅಂತ ನಂಗೆ ಗೊತ್ತೇ ಇರ್ಲಿಲ್ವಲ್ರೀ” ಅಂದರು.

ಇದಕ್ಕೆ ನಾಣ್ಯ ಬೇಕಿತ್ತಾ ಅಂತ ನನ್ನ ತಂಗಿ ಕೇಳುತ್ತಾಳೆ. ಬೇಕಿರಲಿಲ್ಲ, ನಿಜ. ಆದರೆ ಅವಳೇ ಈ ಮಾತು ಹೇಳಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ ಅಲ್ವಾ?

ಅದಾಗಿ 14 ತಿಂಗಳಿಗೆ ಆ ಕೆಲಸ ಬಿಟ್ಟೆ. ಬೇರೆ ಕಡೆ ಸಂಬಳ ಜಾಸ್ತಿ ಇತ್ತು. ಅದಕ್ಕೆ ನಾಣ್ಯ ಹಾಕಲಿಲ್ಲ.